ಬೇಲಿ ಪಕ್ಕ ಸುರಿದ ಮರಗೆಣಸಿನ ಸಿಪ್ಪೆ

ಇವತ್ತು ನಂಜನಗೂಡಿನ ಸಂತೆಯಲ್ಲಿ ಮಣ್ಣು ಮೆತ್ತಿದ ಮರಗೆಣಸಿನ ರಾಶಿ ಕಂಡು, ಹೆಮ್ಮಿಗೆಯ ನಮ್ಮ ಹಿತ್ತಲು ನೆನಪಾಯಿತು.

ಅಜ್ಜಿ ಅದರ ದಪ್ಪ ಸಿಪ್ಪೆ ಸುಲಿದು, ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಬೆಳ್ಳುಳ್ಳಿ ಖಾರದ ಜೊತೆ ಕೊಡುತ್ತಿದ್ದಳು. ಸಿಪ್ಪೆಯನ್ನು ಗುಂಡಿಗೆ ಹಾಕಿ ಮುಚ್ಚುವುದು ನನ್ನ ಕೆಲಸ. "ಈ ಸಿಪ್ಪೆ ನಂಜು ಕಣವ್ವ, ಆಡು ತಿಂದ್ರೆ ಉಳಿಯಕಿಲ್ಲ" ಎನ್ನುತ್ತಿದ್ದಳು.

ಒಂದು ದಿನ ಆಟದ ಅವಸರದಲ್ಲಿ ಅದನ್ನು ಬೇಲಿ ಪಕ್ಕ ಸುರಿದು ಓಡಿದೆ. ಸಂಜೆ ಅಜ್ಜಿಯ ಕಿರಿಸೊಸೆ, ನಮ್ಮ ಚಿಕ್ಕಮ್ಮನ ಗಬ್ಬದ ಆಡು ನೊರೆ ಕಾರಿ ಸತ್ತಿತು.

"ಸಿಪ್ಪೆ ಮುಚ್ಚಿದ್ಯಾ ಮಗ?" ಅಜ್ಜಿ ಕೇಳಿದಳು.

"ಊಂ ಕಣಜ್ಜಿ, ಮುಚ್ದೆ."

ಅಜ್ಜಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಚಿಕ್ಕಮ್ಮನ ಕಡೆ ತಿರುಗಿದಳು. "ನಾನೇ ಎಲ್ಲೋ ಚೆಲ್ಲಿರ್ಬೇಕು ಕಣವ್ವ, ಕಣ್ಣು ಸರಿಯಾಗಿ ಕಾಣಲ್ಲ."

ಚಿಕ್ಕಮ್ಮ ಬಾಯಿಗೆ ಬಂದಂತೆ ಬೈದಳು, ತಿಂಗಳುಗಟ್ಟಲೆ ಅಜ್ಜಿಯೊಂದಿಗೆ ಮಾತು ಬಿಟ್ಟಳು. ಅಜ್ಜಿ ಮತ್ತೆಂದೂ ಮರಗೆಣಸು ಬೇಯಿಸಲಿಲ್ಲ. ಅವಳು ಸಾಯುವ ತನಕವೂ ನಾನು ನಿಜ ಹೇಳಲಿಲ್ಲ.

ಸಂತೆಯಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು, "ನೀನು ಆಗಲೇ ನಿಜ ಏಳ್ಬಾರ್ದಿತ್ತಾ? ಅತ್ತೆಮ್ಮುನ್ನ ಎಷ್ಟು ಅಂದ್ಬುಟ್ಟಿದ್ದೆ ನಾನು" ಎಂದಳು.