ಹೆಗ್ಗಣನ ಮೂರು ತಟ್ಟು

ವಿಮಾನ ರಿಪೇರಿಯ ನಮ್ಮ ಹ್ಯಾಂಗರಿನಲ್ಲಿ ಅವನಿಗೆ ಹೆಗ್ಗಣ ಅಂತಲೇ ಹೆಸರು. ಹರೆಯದಲ್ಲಿ ವಿಮಾನದ ರೆಕ್ಕೆಯೇನು, ಬೀಗದ ತೂತಿನಲ್ಲೂ ತೂರಿ ಒಳಗೊಂದು ನಿದ್ದೆ ತೆಗೆದು ಬರುತ್ತಿದ್ದ. ಈಚೆಗೆ ಹೊಟ್ಟೆ ಬಂದಿತ್ತು. ಬೆಳಿಗ್ಗೆ ಮೊದಲು ಹೊಟ್ಟೆ ಗೇಟು ದಾಟಿ ಹಾಜರಿ ಹಾಕುವುದು, ಉಳಿದ ಹೆಗ್ಗಣ ಆಮೇಲೆ ಬರುವುದು.

ಹೊರಗಿನವನು ತಗಡು ಬೆಸೆಯುವ ರಿವೆಟ್ ಮೊಳೆಯನ್ನು ಗನ್ನಿನಿಂದ ಹೊಡೆಯುವಾಗ, ರೆಕ್ಕೆಯೊಳಗೆ ಅಂಗಾತ ಮಲಗಿ ಒಳಗೆ ಚಾಚಿದ ಅದರ ಬಾಲಕ್ಕೆ ಉಕ್ಕಿನ ತುಂಡು ಒತ್ತಿ ಹಿಡಿಯುವುದು ಅವನ ಕೆಲಸ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ; ತಟ್ಟುವುದೇ ಭಾಷೆ. ಒಂದು ತಟ್ಟಿದರೆ ಸರಿಯಿದೆ, ಎರಡಾದರೆ ಇನ್ನೊಮ್ಮೆ ಹೊಡಿ, ಮೂರಾದರೆ ಕೆಟ್ಟಿದೆ, ಕೊರೆದು ತೆಗಿ. ಒಳಗಿನವನೇ ನ್ಯಾಯಾಧೀಶ. ಮನೆಯಲ್ಲಿ ಯಾರೂ ಕೇಳದ ಅವನ ಮಾತಿಗೆ ಅಲ್ಲಿ ಮೇಲ್ಮನವಿಯೇ ಇರಲಿಲ್ಲ.

ಗನ್ ಹಿಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ, ಕಡ್ಡಿಯಂಥ ಆಳು. ಈ ಕಡ್ಡಿ ಕೆಲಸಕ್ಕೆ ಸೇರಿದ ದಿನವೇ ಭಾವ ಅವನ ಪ್ರತಿ ರಿವೆಟ್ಟಿಗೂ ಮೂರು ತಟ್ಟಿ ಇಡೀ ಹ್ಯಾಂಗರನ್ನು ನಗಿಸಿದ್ದ. ಅಂದಿನಿಂದ ಹಾವು ಮುಂಗುಸಿ. "ಇಬ್ಬರನ್ನೂ ಸೇರಿಸಿ ರಿವೆಟ್ ಹೊಡೆದರೂ ಒಟ್ಟಿಗೆ ನಿಲ್ಲೋರಲ್ಲ" ಎಂದು ಆ ಹೆಂಗಸು ತಲೆ ಚಚ್ಚಿಕೊಳ್ಳುತ್ತಿದ್ದಳು.

ಹಾಗಿರುವಾಗ ಸಾಹುಕಾರನೊಬ್ಬನ ಹಳೇ ಪುಟ್ಟ ಜೆಟ್ ಬಂತು. ಮೈ ಹಳೆಯದೇ ಇರಲಿ, ರೆಕ್ಕೆ ಮಾತ್ರ ಹೊಸ ವಿನ್ಯಾಸದ್ದು ಹಾಕಿ ಅಂದ ಅವನು. ಕಡಿಮೆ ಇಂಧನದಲ್ಲಿ ದೂರ ಹಾರಲೆಂದು ಉದ್ದಕ್ಕೆ, ತೆಳ್ಳಗೆ ಮಾಡಿದ ರೆಕ್ಕೆ. ಎಷ್ಟು ತೆಳ್ಳಗೆಂದರೆ ಅದರೊಳಗೆ ನೊಣ ಕೂಡ ಅಡ್ಡಡ್ಡ ನಡೆಯಬೇಕು.

"ಭಾವ, ಮೊದಲು ನಿಮ್ಮ ಹೊಟ್ಟೆಗೊಂದು ಹೊಸ ಡಿಸೈನ್ ಮಾಡಿಸಿ" ಎಂದ ಕಡ್ಡಿ.

"ನಿನ್ನ ಹಲ್ಲು ಹುಟ್ಟೋಕೆ ಮುಂಚೆ ರೆಕ್ಕೆಯೊಳಗೆ ಸಂಸಾರ ಮಾಡಿದೋನು ಕಣೋ ನಾನು. ಮುಚ್ಕೊಂಡು ಗನ್ ಹಿಡಿ."

"ಹೊಟ್ಟೆ ಹಿಡಿಸದಿದ್ರೆ ಹೇಳಿಬಿಡಪ್ಪ, ಒಳಗೆ ಬೇರೆಯವರನ್ನ ಹಾಕ್ತೀನಿ" ಎಂದರು ಫೋರ್‌ಮನ್.

ಹೆಗ್ಗಣ ಉಸಿರು ಎಳೆದುಕೊಂಡು ಒಳನುಗ್ಗಿದ. ಮೇಲಿನ ತಗಡು ಕೂತಿತು, ಒಂದೊಂದೇ ರಿವೆಟ್ ಬಿತ್ತು, ಒಂದೊಂದೇ ತಟ್ಟು ಬಂತು. ಕೊನೆಯ ರಿವೆಟ್ ಆದ ಮೇಲೆ ರೆಕ್ಕೆಯ ಬುಡದ ಕಿಂಡಿಯಿಂದ ಹೊರಡಲು ನೋಡುತ್ತಾನೆ, ಹೊಟ್ಟೆ ಎರಡು ಅಡ್ಡಪಟ್ಟಿಗಳ ನಡುವೆ ಕೂತುಬಿಟ್ಟಿದೆ. ಹಿಂದಕ್ಕಿಲ್ಲ, ಮುಂದಕ್ಕಿಲ್ಲ. ಕೂಗಿದರೆ ಹೊರಗೆ ಬರಬಹುದು, ಆದರೆ ಒಳಗಿನ ನ್ಯಾಯಾಧೀಶನ ಪಟ್ಟ ಹೋಯಿತು. ಅದೂ ಕಡ್ಡಿಯ ಕಣ್ಣೆದುರು.

ಆಗ ಬಂತು: ಟಕ್, ಟಕ್, ಟಕ್.

"ಅದು ಸರಿಯಿದೆ ಅಂತ ಈಗಷ್ಟೇ ಅಂದ್ರಲ್ಲಾ!" ಎಂದು ಕಡ್ಡಿ ಹೊರಗಿನಿಂದ ಕೂಗಿದ.

ಮತ್ತೆ ಟಕ್, ಟಕ್, ಟಕ್. ಪಕ್ಕದ್ದಕ್ಕೂ ಮೂರು, ಅದರಾಚೆಯದಕ್ಕೂ ಮೂರು. ಇಡೀ ತಗಡೇ ಕೆಟ್ಟಿದೆ ಎಂದು ತೀರ್ಪಾಯಿತು. ಕಡ್ಡಿ ಭಾವನ ಏಳು ತಲೆಮಾರಿಗೂ ಬೈಯುತ್ತ, ಹಲ್ಲು ಕಚ್ಚಿಕೊಂಡು ಅಷ್ಟನ್ನೂ ಕೊರೆದು ತೆಗೆದ. ಹಲ್ಲು ಕಡಿದ ಸದ್ದಿಗೆ ರನ್‌ವೇಯಲ್ಲಿದ್ದ ವಿಮಾನ ಎಂಜಿನ್ ಕೆಟ್ಟಿತೆಂದು ಹಿಂದಕ್ಕೆ ಬಂತಂತೆ.

ತಗಡು ಎತ್ತಿದರು. ಹೆಗ್ಗಣ ಗತ್ತಿನಿಂದ ಏಳಲು ಹೋದ, ಏಳಲಾಗಲಿಲ್ಲ. ಫೋರ್‌ಮನ್ ಕಿತ್ತ ರಿವೆಟ್ಟುಗಳ ಬಾಲ ನೋಡಿದರು. ಒಂದಕ್ಕೂ ಕುಂದಿಲ್ಲ. ಆಮೇಲೆ ಆ ಹೊಟ್ಟೆ ನೋಡಿದರು.

"ದಪ್ಪ ಆಗಿರೋದು ರಿವೆಟ್ಟೋ, ನೀನೋ?"

ನಾಲ್ಕು ಜನ ಸೇರಿ ಎಳೆದು ಹೊರಗೆ ಹಾಕಿದೆವು. ಫೋರ್‌ಮನ್ ಕಡ್ಡಿಯ ಕೈಯಿಂದ ಗನ್ ಕಿತ್ತು ಹೆಗ್ಗಣನಿಗೆ ಕೊಟ್ಟರು. ಉಕ್ಕಿನ ತುಂಡು ಕಡ್ಡಿಯ ಕೈಗೆ ಹೋಯಿತು. ಅವನು ಕಾಗದ ಲಕೋಟೆಗೆ ಹೋದಷ್ಟು ಸಲೀಸಾಗಿ ಒಳಗೆ ಜಾರಿದ.

ತಗಡು ಮತ್ತೆ ಕೂತಿತು. ಹೆಗ್ಗಣ ಜೀವಮಾನದ ಜಾಣತನವನ್ನೆಲ್ಲ ತೋಳಿಗೆ ತಂದುಕೊಂಡು ಮೊದಲ ರಿವೆಟ್ ಹೊಡೆದ. ನಾವೆಲ್ಲ ಕಿವಿ ನಿಮಿರಿಸಿ ನಿಂತೆವು.

ಒಳಗಿನಿಂದ, ಸಾವಕಾಶವಾಗಿ, ಮೂರು ಬಂತು.