ತಲೆ ಸಿಎಸ್‌ಟಿ ಕಡೆ

ಮುಂಬೈಯ ಭಾಂಡುಪಿನ ಆ ಮೂರನೇ ಮಾಳಿಗೆಯ ಮನೆಯಲ್ಲಿ ಯೋಗದ ಸುದ್ದಿ ಶುರುವಾದದ್ದು ಆರೋಗ್ಯದ ಆಸೆಯಿಂದಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಸಿಟ್ಟಿನಿಂದ.

ರಾಜೀವಿಗೆ ಅರುವತ್ತೆರಡು ವರ್ಷ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಸಪ್ಲಾಯರ್ ಆಗಿ, ಆಮೇಲೆ ಮ್ಯಾನೇಜರ್ ಆಗಿ, ಕೊನೆಗೆ ಗೋಡೆಯ ಮೇಲಿನ ಫೋಟೋ ಆದ. ಆ ಹೊಟೇಲಿನ ಚಟ್ನಿಗೆ ಬೇಕಾದ ಕಾಯಿಯನ್ನು ಇಪ್ಪತ್ತೆಂಟು ವರ್ಷ ಮನೆಯಲ್ಲೇ ತುರಿದು ಕೊಟ್ಟವಳು ರಾಜೀವಿ. ತುರಿಮಣೆಯ ಮೇಲೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ದಿನಕ್ಕೆ ನಲವತ್ತು ಕಾಯಿ. ನೆಲವೆಂದರೆ ಅವಳಿಗೆ ತವರುಮನೆ ಇದ್ದ ಹಾಗೆ.

ಶನಿವಾರ ಸಂಜೆ ಮಾರ್ಕೆಟ್ಟಿನ ಮೇಲಿನ ಹಾಲ್‌ನಲ್ಲಿ ಊರವರ ಭಜನೆ. ಅಲ್ಲಿ ಮೊದಲ ಸಾಲಿನಲ್ಲಿ, ದೀಪದ ಎಡಕ್ಕೆ, ಚಾಪೆಯ ಮೇಲೆ ಕೂತು ತಾಳ ಹಾಕುವವಳು ರಾಜೀವಿ. ಹಾಡುವವರು ಬದಲಾದರು, ಹಾರ್ಮೋನಿಯಂ ಬದಲಾಯಿತು, ತಾಳ ಮಾತ್ರ ಅದೇ ಕೈಯಲ್ಲಿ ಉಳಿಯಿತು. ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಬಲ ಮೊಣಗಂಟು ಕೈಕೊಟ್ಟಿತು. ಮಂಗಳಾರತಿಗೆ ಎಲ್ಲರೂ ಎದ್ದರೂ ರಾಜೀವಿಗೆ ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು. ಮರುವಾರ ಮಂಡಳಿಯ ಕಾರ್ಯದರ್ಶಿ ದೂಜಣ್ಣ ಪ್ರೀತಿಯಿಂದಲೇ ಒಂದು ಕುರ್ಚಿ ತಂದು ಹಿಂದಿನ ಗೋಡೆಗೆ ತಾಗಿಸಿ ಇಟ್ಟ. ದೀಪದೆದುರು ಕುರ್ಚಿ ಹಾಕುವ ಕ್ರಮವಿಲ್ಲವಲ್ಲ.

“ಇಲ್ಲಿಂದಲೇ ತಾಳ ಹಾಕಿ ರಾಜೀವಿಯಕ್ಕ, ಏನೂ ತೊಂದರೆ ಇಲ್ಲ.”

ತೊಂದರೆ ಇತ್ತು. ಗೋಡೆಯ ಬದಿಯಿಂದ ಹೊರಟ ತಾಳ ಮೊದಲ ಸಾಲಿಗೆ ಮುಟ್ಟುವಾಗ ಹಾಡು ಮುಂದೆ ಹೋಗಿರುತ್ತಿತ್ತು. ಮೂರನೇ ವಾರ ತಾಳ ಬೇರೊಬ್ಬಳ ಕೈಯಲ್ಲಿತ್ತು. “ತಾತ್ಕಾಲಿಕ” ಎಂದ ದೂಜಣ್ಣ. ನಾಲ್ಕು ದಿನಕ್ಕೆಂದು ಮುಂಬೈಗೆ ಬಂದು ನಲವತ್ತು ವರ್ಷ ಉಳಿದವರ ನಡುವೆ ಆ ಮಾತಿಗೆ ಎಷ್ಟು ಬೆಲೆ ಎಂಬುದು ರಾಜೀವಿಗೆ ಗೊತ್ತಿತ್ತು.

“ಏಪ್ರಿಲಿನ ಭಜನಾ ಮಂಗಲೋತ್ಸವಕ್ಕೆ ನಾನು ನೆಲದಲ್ಲೇ ಕೂರುವುದು. ಕೂರ್ಲಿಕ್ಕೆ ಆಗ್ತದೆ ನನಗೆ, ಏಳ್ಲಿಕ್ಕೆ ಆಗುವುದಿಲ್ಲ. ಅದಕ್ಕೆ ಎಂತ ಮಾಡಬೇಕೋ ಮಾಡು” ಎಂದು ಸೊಸೆಗೆ ಆಜ್ಞೆಯಾಯಿತು. ಆ ಮನೆಯಲ್ಲಿ ದಿನದ ಮಾತು ತುಳುವಿನಲ್ಲಿ. ಆಜ್ಞೆ ಮತ್ತು ಜಗಳ ಕನ್ನಡದಲ್ಲಿ, ಯಾಕೆಂದರೆ ರಾಜೀವಿ ಏಳನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ ಶಾಲೆಯಲ್ಲಿ.

ಡಾಕ್ಟರು ಆಪರೇಷನ್ ಈಗ ಬೇಡ, ಯೋಗ ಮಾಡಿ ನೋಡಿ ಎಂದರು. ಹಾಗೆ ಯೋಗದ ಕ್ಲಾಸು ಹುಡುಕುವ ಕೆಲಸ ಸೊಸೆ ನಿಶ್ಮಿತಾಳ ತಲೆಗೆ ಬಿತ್ತು. ಅವಳೋ ಭಾಂಡುಪಿನಲ್ಲೇ ಹುಟ್ಟಿ ಬೆಳೆದವಳು, ಮನೆಯಿಂದಲೇ ಆಫೀಸಿನ ಕೆಲಸ, ಸೊಂಟದ ಮೇಲೆ ಹನ್ನೊಂದು ತಿಂಗಳ ಯಕ್ಷಿತಾ. ಗಂಡ ಹಿತೇಶನ ಸಹಾಯವೆಂದರೆ ಒಂದೇ ವಾಕ್ಯ: “ಗೂಗಲ್ ಮಾಡು ನಾ.”

ಮೊದಲನೆಯದು ಸೊಸೈಟಿಯ ಟೆರೇಸಿನ ಕ್ಲಾಸು, ಬೆಳಿಗ್ಗೆ ಆರಕ್ಕೆ. ರಾಜೀವಿ ನೈಟಿಯ ಕೆಳಗೆ ಮಗನ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿ, ಮೇಲೆ ಬೈರಾಸಿನ ಟವೆಲು ಹೊದ್ದು ಹೊರಟಳು. ನೀರಿನ ಟಾಂಕಿಯ ಸುತ್ತ ಪಾರಿವಾಳದ ಹಿಕ್ಕೆ, ಸ್ಪೀಕರಿನಲ್ಲಿ ಕೊಳಲು, ಮತ್ತು ಸೂರ್ಯನಮಸ್ಕಾರವನ್ನು ಲೋಕಲ್ ಹಿಡಿಯುವವರ ಅವಸರದಲ್ಲಿ ಮಾಡುವ ಇಪ್ಪತ್ತು ಜನ. ಮೂರನೇ ಸುತ್ತಿಗೆ ರಾಜೀವಿ ನಿಂತಳು. ಗುರು ಒಳ್ಳೆಯ ಹುಡುಗ. ಓಡಿಹೋಗಿ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ತಂದ.

“ಆಂಟೀ, ಆಪ್ ಬೈಠ್‌ಕೇ ದೇಖಿಯೇ.”

ರಾಜೀವಿ ಕುರ್ಚಿಯನ್ನು ನೋಡಿದಳು. ಹುಡುಗನನ್ನು ನೋಡಿದಳು. ಬೈರಾಸು ಕೊಡವಿ ಮೆಟ್ಟಿಲಿಳಿದಳು.

“ಮಾಮಿ, ಅವನಿಗೆ ಏನು ಗೊತ್ತು ಪಾಪ!” ನಿಶ್ಮಿತಾ ಮಗುವನ್ನೆತ್ತಿಕೊಂಡು ಹಿಂದೆ ಓಡಿದಳು.

“ಕುರ್ಚಿಯಲ್ಲಿ ಕೂತು ನೋಡ್ಲಿಕ್ಕೆ ಟಿವಿ ಉಂಟು ಮನೆಯಲ್ಲಿ.”

ಎರಡನೆಯದು ಆನ್‌ಲೈನ್. ಬೆಂಗಳೂರಿನ ಮೇಡಂ, ಕನ್ನಡದಲ್ಲೇ ಹೇಳಿಕೊಡುವವರು. ನಿಶ್ಮಿತಾ ಎರಡು ರಾತ್ರಿ ಕೂತು ಹುಡುಕಿ ತೆಗೆದದ್ದು. ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿದ್ದಾಯಿತು. ಪರದೆಯಲ್ಲಿ ತನ್ನ ಮುಖ ಕಂಡದ್ದೇ ರಾಜೀವಿ ತಲೆ ಬಾಚಿ ಬಂದಳು. ಆಮೇಲೆ ಪಕ್ಕದ ಚೌಕದ ಹೆಂಗಸಿಗೆ, “ನಿಮ್ಮದು ಯಾವ ಊರು?” ಎಂದು ಕೇಳಿದಳು. ಮೇಡಂ ಉಸಿರು ಒಳಗೆ ಎಳೆದುಕೊಳ್ಳಿ ಎಂದಾಗ ಕುಕ್ಕರು ಸೀಟಿ ಹೊಡೆಯಿತು. ಮರುದಿನ ಮ್ಯೂಟ್ ಮಾಡುವುದು ಮರೆತು, “ಈ ಬೆಂಗಳೂರಿನವರಿಗೆ ಸೊಂಟವೇ ಇಲ್ಲ ಮಾರಾಯ್ತಿ” ಎಂದದ್ದನ್ನು ನಲವತ್ತು ಮನೆಯವರು ಕೇಳಿದರು. ಮೂರನೇ ದಿನ ಯಕ್ಷಿತಾ ಅಂಬೆಗಾಲಿಟ್ಟು ಬಂದು ಕೆಂಪು ಗುಂಡಿ ಒತ್ತಿ ಕ್ಲಾಸನ್ನೇ ಮುಗಿಸಿದಳು. ಅಜ್ಜಿ ಅವಳಿಗೆ ಮುತ್ತು ಕೊಟ್ಟಳು.

ಮೂರನೆಯದು ಮುಲುಂಡಿನ ಎ.ಸಿ. ಸ್ಟುಡಿಯೋ. ನಿಶ್ಮಿತಾಳ ಆಫೀಸಿನವರು ಹೊಗಳಿದ್ದು. ಗೋಡೆ ತುಂಬ ಕನ್ನಡಿ, ಮೂಲೆಯಲ್ಲಿ ಪರಿಮಳದ ದೀಪ, ಪಿಸುಮಾತಿನ ಇಂಗ್ಲಿಷು. ಒಂದು ದಿನದ ಟ್ರಯಲ್. ಮಗುವಿಗೆ ಒಳಗೆ ಪ್ರವೇಶವಿಲ್ಲದ್ದರಿಂದ ನಿಶ್ಮಿತಾ ಗಾಜಿನ ಬಾಗಿಲಿನ ಹೊರಗೆ ಅಳುವ ಯಕ್ಷಿತಾಳನ್ನು ತೊಡೆಯ ಮೇಲೆ ಕುಣಿಸುತ್ತ ಕೂತಳು. ಒಳಗೆ ಮುಕ್ಕಾಲು ಗಂಟೆ ಎಲ್ಲ ಸುಸೂತ್ರ. ರಾಜೀವಿ ಕೈ ಎತ್ತಿದಳು, ಇಳಿಸಿದಳು, ಗೊಣಗಲಿಲ್ಲ. ಈ ಸಲ ಗೆದ್ದೆ ಎಂದುಕೊಂಡಳು ನಿಶ್ಮಿತಾ.

ಶವಾಸನ ಬಂತು. ಎಲ್ಲರೂ ಕನ್ನಡಿಯ ಕಡೆ ತಲೆ ಮಾಡಿ ಮಲಗಿದರು. ರಾಜೀವಿ ಮಲಗಲಿಲ್ಲ. ಸುತ್ತ ನೋಡಿ, ಗಾಜಿನ ಬಾಗಿಲಿನತ್ತ ತಿರುಗಿ, ಹಾಲ್‌ಗೆ ಹಾಲೇ ಕೇಳುವಂತೆ ಕರೆದಳು:

“ನಿಶ್ಮೀ, ಥಾಣೆ ಯಾವ ಕಡೆಗೆ?”

ನಿಶ್ಮಿತಾ ಗಾಜಿನಾಚೆಯಿಂದ ಬಾಯಿಗೆ ಬೆರಳಿಟ್ಟಳು. ಪ್ರಯೋಜನವಾಗಲಿಲ್ಲ.

“ಕೇಳ್ತಾ ಉಂಟಾ? ರೈಲು ಥಾಣೆಗೆ ಹೋಗುವುದು ಯಾವ ಕಡೆಗೆ?”

ಥಾಣೆ ಕನ್ನಡಿಯ ಕಡೆಗಿತ್ತು. ಸೆಂಟ್ರಲ್ ಲೈನಿನವರಿಗೆ ಥಾಣೆ ಎಂದರೆ ಉತ್ತರ, ಲೈನಿನ ಆ ತುದಿಯ ಸಿಎಸ್‌ಟಿ ಸ್ಟೇಷನ್ ಎಂದರೆ ದಕ್ಷಿಣ. ಬೇರೆ ದಿಕ್ಸೂಚಿ ಬೇಡ. ಉತ್ತರಕ್ಕೆ ತಲೆ ಹಾಕಿ ರಾಜೀವಿ ಹುಟ್ಟಿದಾರಭ್ಯ ಮಲಗಿದವಳಲ್ಲ. ಈಗ ಆಸನದ ಹೆಸರೇ ಶವದ್ದು. ಅದರ ಮೇಲೆ ಉತ್ತರಕ್ಕೆ ತಲೆ ಬೇರೆಯಾ? ಅವಳು ಚಾಪೆ ತಿರುಗಿಸಿದಳು. ತಲೆ ಸಿಎಸ್‌ಟಿಗೆ, ಪಾದಗಳು ಪಕ್ಕದ ಹೆಂಗಸಿನ ಮೂಗಿನ ಹತ್ತಿರ. ಆ ಹೆಂಗಸು ಶವಾಸನದಿಂದ ಜೀವಂತ ಎದ್ದಳು. ಪಿಸುಮಾತಿನ ಗುರುವಿಗೆ ಮೊದಲ ಬಾರಿ ಧ್ವನಿ ಬಂತು. ಇಬ್ಬರು ಸೇರಿ ರಾಜೀವಿಯನ್ನು ಎತ್ತಿ ನಿಲ್ಲಿಸಿದರು. ಮತ್ತೆ ಕಂಕುಳಿಗೆ ಕೈ.

ಮುಲುಂಡ್ ಪ್ಲಾಟ್‌ಫಾರ್ಮಿನಲ್ಲಿ ನಿಶ್ಮಿತಾಳ ಸಹನೆ ಹರಿಯಿತು.

“ಐದು ನಿಮಿಷ, ಮಾಮಿ! ಐದೇ ನಿಮಿಷ ಯಾವ ಕಡೆಗಾದರೂ ತಲೆ ಇಟ್ಟಿದ್ದರೆ ಏನಾಗ್ತಿತ್ತು? ಮಗು ಒಂದು ಗಂಟೆ ಅತ್ತಿದೆ. ನನ್ನ ಮೀಟಿಂಗ್ ಹೋಯಿತು. ಬಸ್, ಇನ್ನು ನನ್ನಿಂದ ಆಗುವುದಿಲ್ಲ. ಆ ಕುರ್ಚಿಯಲ್ಲೇ ಕೂತುಕೊಳ್ಳಿ.”

ಹೇಳಿದ ಮೇಲೆ ಕೊನೆಯ ಮಾತು ಬೇಡವಾಗಿತ್ತು ಅನಿಸಿತು. ರಾಜೀವಿ ಆಗಲೇ ಬಂದು ನಿಂತ ಲೋಕಲಿನ ಕಡೆ ನಡೆದಿದ್ದಳು. ಲೋಕಲಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು. ಅದರಲ್ಲೂ ಕೂರದೆ, ಭಾಂಡುಪಿನವರೆಗೆ ಕಂಬ ಹಿಡಿದು ನಿಂತೇ ಬಂದಳು.

ಆಮೇಲೆ ಒಂದು ತಿಂಗಳು ಯೋಗದ ಮಾತಿಲ್ಲ. ಶನಿವಾರ ಭಜನೆಗೆ ಹೋಗುವುದನ್ನೂ ರಾಜೀವಿ ಬಿಟ್ಟಳು. ಸಂಜೆ ಆ ಹೊತ್ತಿಗೆ ಸರಿಯಾಗಿ ಕೊತ್ತಂಬರಿ ಸೊಪ್ಪು ಬಿಡಿಸಲು ಕೂರುತ್ತಿದ್ದಳು, ಬೆರಳು ಮಾತ್ರ ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಅದನ್ನು ನೋಡಿದರೆ ನಿಶ್ಮಿತಾಳಿಗೆ ಸಂಕಟ; ಸಂಕಟವಾದರೆ ಇನ್ನಷ್ಟು ಸಿಟ್ಟು.

ಪೋಲಿಯೋ ಹನಿಯ ಆದಿತ್ಯವಾರ ಇಬ್ಬರೂ ಯಕ್ಷಿತಾಳನ್ನು ಎತ್ತಿಕೊಂಡು ಗುಡ್ಡದ ಬುಡದ ಬಾಲವಾಡಿಗೆ ಹೋದರು. ಮಗುವಿನ ಬೆರಳಿಗೆ ಶಾಯಿ ಹಚ್ಚುತ್ತಿದ್ದ ಬಾಲವಾಡಿಯ ಟೀಚರ್ ಬಾಯಿ ತಲೆ ಎತ್ತದೆಯೇ ಕೇಳಿದಳು:

“ಬಲಗಡೆ ಮೊಣಕಾಲಲ್ರಿ, ಅಕ್ಕಾರ?”

“ನಿಮಗೆ ಹೇಗೆ ಗೊತ್ತು?”

“ಮೆಟ್ಲ ಇಳಿಯೂದು ಕೇಳಿಸ್ತಲ್ರಿ. ಒಂದ್ ಹೆಜ್ಜಿ ಗಟ್ಟಿ, ಒಂದ್ ಹೆಜ್ಜಿ ಸಣ್ಣ. ಮಂಗಳವಾರ ಎರಡಕ್ಕ ಬರ್ರಿ ಇಲ್ಲೇ. ಯೋಗಾ ನಡಸ್ತೀನಿ.”

ಅವಳು ರುಕ್ಮಿಣಿಬಾಯಿ, ಆಳಂದ ಕಡೆಯವಳು. ಒಂದು ಕಾಲದಲ್ಲಿ ಪವಾಯಿಯ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ಬಿದ್ದು ಬೆನ್ನು ಮುರಿದುಕೊಂಡು, ಆಸ್ಪತ್ರೆಯಲ್ಲಿ ಕಲಿತ ಯೋಗದಿಂದ ಎದ್ದು ನಿಂತು, ಈಗ ಮಕ್ಕಳು ಮನೆಗೆ ಹೋದ ಮೇಲೆ ಅದೇ ಕೋಣೆಯಲ್ಲಿ ಮನೆಗೆಲಸದ ಹೆಂಗಸರಿಗೆ ಕಲಿಸುತ್ತಿದ್ದಳು. ನಿಶ್ಮಿತಾ ಕೇಳಿಸದವಳ ಹಾಗೆ ಮಗುವಿನ ಬೆರಳಿನ ಶಾಯಿಗೆ ಊದಿದಳು. ತಾನು ಹೇಳಿದರೆ ಮಾಮಿ ಬೇಡ ಅನ್ನುತ್ತಾಳೆ.

ಮಂಗಳವಾರ ಒಂದೂ ಮುಕ್ಕಾಲಿಗೆ ರಾಜೀವಿ ಟ್ರ್ಯಾಕ್ ಪ್ಯಾಂಟು ಹಾಕಿ ಬಾಗಿಲಲ್ಲಿ ನಿಂತಿದ್ದಳು. “ಮಗುವಿಗೆ ಹೊರಗಿನ ಗಾಳಿ ಬೇಕು” ಎಂದಳು, ಯಾರೂ ಕೇಳದೆ.

ಗೋಡೆಯಲ್ಲಿ ಅಕ್ಷರಮಾಲೆ, ನೆಲದ ಮೇಲೆ ಚಾಪೆಯ ಬದಲು ಮಡಚಿದ ಕೌದಿಗಳು. ಪಾತ್ರೆ ತೊಳೆದು, ನೆಲ ಒರೆಸಿ ಬಂದ ಹತ್ತು ಹೆಂಗಸರು. ಇಲ್ಲಿ ಶವಾಸನ ಮೊದಲು.

“ದಣದು ಬಂದೀರಿ, ಮೊದಲ ಮಲ್ಕೋರಿ. ತಲಿ ಸಿಎಸ್‌ಟಿ ಕಡೆ.”

ರಾಜೀವಿ ತಿರುಗಿ ಸೊಸೆಯನ್ನು ನೋಡಿದಳು. ಕೋರ್ಟಿನಲ್ಲಿ ಕೇಸು ಗೆದ್ದವರ ನೋಟ ಅದು. ಆಮೇಲೆ ನೆಮ್ಮದಿಯಿಂದ ಮಲಗಿದಳು.

ಹತ್ತು ನಿಮಿಷದ ಮೇಲೆ ರುಕ್ಮಿಣಿಬಾಯಿ ಒಳಗಿನಿಂದ ಎಳೆದು ತಂದದ್ದು ಒಂದು ಪ್ಲಾಸ್ಟಿಕ್ ಕುರ್ಚಿ.

“ಅಕ್ಕಾರ, ನಿಮಗ ಇದ್ರಿ. ಹತ್ತ ಸಲ ಕೂಡ್ರೂದು, ಹತ್ತ ಸಲ ಏಳೂದು. ಕೈ ಹಚ್ಚಬಾರ್ದು.”

“ನಾನು ಬಂದದ್ದೇ ಕುರ್ಚಿ ಬಿಡ್ಲಿಕ್ಕೆ! ಹೋಗುವ ನಿಶ್ಮೀ.”

ಆದರೆ ಹೋಗಬೇಕಾದರೆ ಮೊದಲು ನೆಲದಿಂದ ಏಳಬೇಕಿತ್ತು. ರಾಜೀವಿ ಒಂದು ಸಲ ಮುಕ್ಕರಿದಳು. ಇನ್ನೊಂದು ಸಲ. ನಿಶ್ಮಿತಾ ಧಾವಿಸಿದಳು, ರುಕ್ಮಿಣಿಬಾಯಿ ಅಡ್ಡ ನಿಂತಳು.

“ಎತ್ತಬ್ಯಾಡ್ರಿ. ಎತ್ತಿ ಎತ್ತೇ ಏಳೂದ ಮರಸೀರಿ. ಅಕ್ಕಾರ, ಆ ಕೂಸಿನ್ನ ನೋಡ್ರಿ.”

ಯಕ್ಷಿತಾ ಆಗಷ್ಟೇ ಏನೂ ಹಿಡಿಯದೆ ಏಳಲು ಕಲಿತಿದ್ದಳು. ನೆಲಕ್ಕೆ ಎರಡೂ ಅಂಗೈ ಊರಿ, ಡಯಾಪರಿನ ಹಿಂಬದಿ ಆಕಾಶಕ್ಕೆತ್ತಿ, ಕೈಗಳನ್ನು ಒಂದೊಂದೇ ಪಾದದ ಕಡೆ ತಂದು, ತೂಗಾಡುತ್ತ ನಿಂತಳು. ನಿಂತು ನಕ್ಕಳು.

“ಹಂಗ ಏಳೂದು.”

“ಅರುವತ್ತೆರಡು ವರ್ಷದವಳು ನಾನು ಕುಂಡೆ ಮೇಲೆ ಮಾಡಿಕೊಂಡು ಏಳಬೇಕಾ? ಮರ್ಯಾದೆ ಎಂತದು?”

“ನಾಕ್ ಮಂದಿ ಹೊತ್ತ ಎತ್ತೂದು ಮರ್ಯಾದಿ ಏನ್ರಿ? ಅದು ಆಮ್ಯಾಲೆ ಐತಿ, ಒಂದ ಸಲ.”

ಕೋಣೆಯ ಹೆಂಗಸರು ಹೋ ಎಂದು ನಕ್ಕರು. ರಾಜೀವಿಗೂ ತುಟಿ ಅದುರಿತು, ಆದರೆ ಬಿಗಿಹಿಡಿದಳು. ಅಂದು ಅವಳು ಎದ್ದದ್ದು ಕುರ್ಚಿಯ ಕಾಲು ಹಿಡಿದು, ಬೈಯುತ್ತ. ಮನೆಗೆ ಬರುವ ದಾರಿಯಿಡೀ ರುಕ್ಮಿಣಿಬಾಯಿಗೆ ಎಷ್ಟು ಅಹಂಕಾರ ಎಂದು ವಿವರಿಸಿದಳು. ಗುರುವಾರ ಒಂದೂವರೆಗೇ ತಯಾರಾದಳು.

ಫೆಬ್ರವರಿ, ಮಾರ್ಚ್ ಹೀಗೇ. ವಾರಕ್ಕೆ ಮೂರು ಸಲ ಹೋಗುವುದು, ಮೂರು ಸಲವೂ ಇನ್ನು ಹೋಗುವುದಿಲ್ಲ ಎನ್ನುವುದು. ಮನೆಯಲ್ಲಿ ಕುರ್ಚಿಯಿಂದ ಹತ್ತು ಸಲ ಏಳುವುದನ್ನು ನಿಶ್ಮಿತಾ ಎಣಿಸಬೇಕು; ಎಂಟಕ್ಕೇ “ಹತ್ತಾಯಿತು” ಎಂದು ವಾದ. ನೆಲದಿಂದ ಏಳುವುದನ್ನು ಮಾತ್ರ ಬಾಗಿಲು ಹಾಕಿಕೊಂಡು, ಮೊಮ್ಮಗಳೊಬ್ಬಳನ್ನೇ ಸಾಕ್ಷಿ ಇಟ್ಟುಕೊಂಡು ಮಾಡುತ್ತಿದ್ದಳು. ಒಳಗಿನಿಂದ ಮಗುವಿನ ನಗು ಕೇಳುತ್ತಿತ್ತು. ಆಗುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ನಿಶ್ಮಿತಾಳಿಗಿರಲಿಲ್ಲ.

ಮಂಗಲೋತ್ಸವದ ದಿನ ಹಾಲ್ ತುಂಬಿತ್ತು. ಊರಿನ ಹೊಟೇಲಿನವರೆಲ್ಲ ಬಿಳಿ ಪಂಚೆಯಲ್ಲಿ. ದೂಜಣ್ಣ ಓಡಿ ಬಂದು ಗೋಡೆ ಬದಿಯ ಕುರ್ಚಿ ಒರೆಸಿದ. ರಾಜೀವಿ ಕುರ್ಚಿಯನ್ನು ಸೊಸೆಗೆ ತೋರಿಸಿದಳು. “ನೀನು ಕೂತುಕೋ. ಮಗು ಉಂಟಲ್ಲ.” ನೇರ ಮೊದಲ ಸಾಲಿಗೆ ಹೋಗಿ, ದೀಪದ ಎಡಕ್ಕೆ ಕೂತು, ತಾತ್ಕಾಲಿಕದವಳ ಎದುರು ಕೈ ಚಾಚಿದಳು. ತಾಳ ಕೈಗೆ ಬಂತು.

ಎರಡು ಗಂಟೆ ಒಂದು ಪೆಟ್ಟೂ ತಪ್ಪಲಿಲ್ಲ. ನಿಶ್ಮಿತಾಳಿಗೆ ಭಜನೆ ಕೇಳಲೇ ಇಲ್ಲ. ಅವಳ ಲೆಕ್ಕವೆಲ್ಲ ಮಂಗಳಾರತಿಗೆ ಇನ್ನೆಷ್ಟು ಹೊತ್ತು ಎಂಬುದರಲ್ಲಿ.

ಘಂಟೆ ಬಾರಿಸಿತು. ಎಲ್ಲರೂ ಎದ್ದರು. ರಾಜೀವಿ ಕೂತೇ ಇದ್ದಳು. ಪಕ್ಕದ ಇಬ್ಬರು ಅಭ್ಯಾಸಬಲದಿಂದ ಕಂಕುಳಿಗೆ ಕೈ ತಂದರು. ರಾಜೀವಿ ಕಣ್ಣು ಬಿಟ್ಟ ರೀತಿಗೆ ಕೈಗಳು ಹಿಂದೆ ಸರಿದವು. ಅವಳು ತಾಳವನ್ನು ಸೊಂಟಕ್ಕೆ ಸಿಕ್ಕಿಸಿದಳು, ಸೆರಗು ಬಿಗಿದಳು, ಅಂಗೈ ಎರಡೂ ನೆಲಕ್ಕೆ ಊರಿದಳು. ಆಮೇಲೆ ಇಡೀ ಮಂಡಳಿಯ ಎದುರು, ರೇಷ್ಮೆ ಸೀರೆಯ ಹಿಂಬದಿ ಮೇಲೆದ್ದಿತು. ಯಾರೋ ಕಿಸಕ್ಕನೆ ನಕ್ಕರು. ನಿಶ್ಮಿತಾ ಕಣ್ಣು ಮುಚ್ಚಿಕೊಂಡಳು.

ತೆರೆದಾಗ ರಾಜೀವಿ ನಿಂತಿದ್ದಳು. ಒಂದು ಕೈ ತೊಡೆಯ ಮೇಲೆ, ಏದುಸಿರು. ಇನ್ನೊಂದು ಕೈ ಸೊಂಟದ ತಾಳ ಹುಡುಕುತ್ತಿತ್ತು. ಆರತಿಯ ಹಾಡಿಗೆ ಅರ್ಧ ಸಾಲು ತಡವಾಗಿ ತಾಳ ಸೇರಿತು.

“ಯಾಕೆ ಇಷ್ಟು ಕಷ್ಟ ರಾಜೀವಿಯಕ್ಕ, ಕುರ್ಚಿ ಇತ್ತಲ್ಲ!” ಪ್ರಸಾದ ಹಂಚುವಾಗ ದೂಜಣ್ಣ ಕಳವಳದಿಂದ ಕೇಳಿದ.

“ಜಾಗ್ರತೆ ಇಡಿ ಅದನ್ನು. ನಿಮಗೇ ಬೇಕಾಗ್ತದೆ.”

ಮನೆಗೆ ಹೋಗುವಾಗ ರಿಕ್ಷಾದಲ್ಲಿ, ಏನಾದರೂ ಒಳ್ಳೆಯ ಮಾತು ಹೇಳಬೇಕು ಎಂದು ನಿಶ್ಮಿತಾ ತಿರುಗುವಷ್ಟರಲ್ಲಿ ರಾಜೀವಿಯೇ ಶುರು ಮಾಡಿದಳು.

“ಕುರ್ಚಿಯಲ್ಲಿ ಎಂತ ಕೂರುವುದು ನೀನು, ಗೂನು ಬೆನ್ನು ಹಾಕಿ? ಇಡೀ ಹಾಲ್ ನೋಡಿತು. ನಾಲ್ಕು ತಿಂಗಳಿಂದ ಕ್ಲಾಸು ಕ್ಲಾಸು ಅಂತ ತಿರುಗಿದ್ದೀ, ಒಂದು ದಿನ ಆದ್ರೂ ನೀನು ಯೋಗ ಮಾಡಿದ್ದುಂಟಾ? ಮಂಗಳವಾರ ನಿನಗೂ ಒಂದು ಕೌದಿ ಹಾಕ್ಲಿಕ್ಕೆ ಹೇಳಿದ್ದೇನೆ ರುಕ್ಮಿಣಿಬಾಯಿಗೆ.”