ಕೋಳಿಗೆ ಅರ್ಧ ಟಿಕೆಟು

ನನ್ನ ಮುಖವನ್ನು ದೇವರು ಶುಕ್ರವಾರ ರಜೆಯ ದಿನ ಅರ್ಧ ಮನಸ್ಸಿನಿಂದ ಮಾಡಿದ್ದಿರಬೇಕು ಎಂದು ಒಮಾನಿನ ನಮ್ಮ ರೂಮಿನವರು ತಮಾಷೆ ಮಾಡುತ್ತಿದ್ದರು. ಮೂಗು ಒಂದು ದಿಕ್ಕಿಗೆ, ಹಲ್ಲು ಇನ್ನೊಂದು ದಿಕ್ಕಿಗೆ. ಮಂಗಳೂರಿನ ನಾಟಕ ತಂಡವೊಂದರಲ್ಲಿ ನನಗೆ ಜಾಗ ಸಿಕ್ಕಿದ್ದೂ ಈ ಮುಖದಿಂದಲೇ. ಒಂದು ಅಂಕ ಮುಗಿದು ಮುಂದಿನದಕ್ಕೆ ಪರದೆ ಏಳುವತನಕ ಜನ ಬೀಡಿ ಸೇದಲು ಎದ್ದು ಹೋಗದ ಹಾಗೆ ಹಿಡಿದಿಡುವುದು ನನ್ನ ಕೆಲಸ. ಹಾಡುತ್ತಿದ್ದೆ, ಬೀಳುತ್ತಿದ್ದೆ, ಸಕಲ ಪ್ರಾಣಿಗಳ ದನಿಯಲ್ಲಿ ಕೂಗುತ್ತಿದ್ದೆ. ಜನರ ಹೊಟ್ಟೆ ಹುಣ್ಣಾಗುತ್ತಿತ್ತು, ನನ್ನದು ಮಾತ್ರ ತುಂಬುತ್ತಿರಲಿಲ್ಲ. ಹಾಗಾಗಿ ಎಂಬತ್ತರ ದಶಕದ ಮೊದಲಿಗೆ ಸಂಬಂಧಿಕರೊಬ್ಬರು ಕಳಿಸಿದ ವೀಸಾ ಹಿಡಿದು ಒಮಾನಿಗೆ ಬಂದೆ. ಬೇಕರಿಯೊಂದರ ವ್ಯಾನು ಓಡಿಸುವ ಕೆಲಸ. ಬೆಳಿಗ್ಗೆ ಮಸ್ಕತ್ತಿನ ರೂವಿಯಿಂದ ಹೊರಟು, ಕರಾವಳಿಯ ರಸ್ತೆಯುದ್ದಕ್ಕೂ ಅಂಗಡಿ ಅಂಗಡಿಗೆ ಬ್ರೆಡ್ಡು, ಅರಬರ ರೊಟ್ಟಿ ಖುಬ್ಬೂಸು ಇಳಿಸುತ್ತ ಸುವೈಕ್‌ವರೆಗೆ ಹೋಗಿ, ಖಾಲಿ ವ್ಯಾನಿನಲ್ಲಿ ಹಿಂದೆ ಬರುವುದು.

ರೂವಿಯ ನಮ್ಮ ರೂಮಿನಲ್ಲಿ ತುಳು ಮಾತಾಡುವ ನಾವು ಕೆಲವರು, ಬ್ಯಾರಿಗಳು ಕೆಲವರು. ಎಲ್ಲರಿಗಿಂತ ಹಿರಿಯರು ಒಬ್ಬ ಬ್ಯಾರಿ ದರ್ಜಿ. ಒಮಾನಿಗಳ ಉದ್ದನೆಯ ಬಿಳಿ ಅಂಗಿ ಹೊಲಿಯುವ ಅಂಗಡಿಯಲ್ಲಿ ಕೆಲಸ. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಇಲ್ಲಿನ ನಮ್ಮವರ ಸಂಘದ ವಾರ್ಷಿಕೋತ್ಸವದಲ್ಲಿ ಜನರನ್ನು ನಗಿಸಲು ನಾನು ಹಾಕುತ್ತಿದ್ದ ಪ್ಯಾಂಟನ್ನು, ಒಂದು ಕಾಲು ಗಿಡ್ಡ ಒಂದು ಕಾಲು ಉದ್ದ ಮಾಡಿ, ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಯಿಂದ ಹೊಲಿದುಕೊಟ್ಟವರು ಅವರೇ. ಪ್ರತಿ ಸಲ ಮೂರನೇ ಸಾಲಿನಲ್ಲಿ ಬಂದು ಕೂರುತ್ತಿದ್ದರು. ಅವರ ನಗು ಮೊದಲು ಕೆಮ್ಮಿನ ಹಾಗೆ ಶುರುವಾಗಿ, ಆಮೇಲೆ ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗೆ ಕಿರುಗುಟ್ಟುತ್ತ ಓಡುತ್ತಿತ್ತು. ಅದು ಕೇಳಿತೆಂದರೆ ಇಡೀ ಸಭೆ ನನ್ನ ಕೈಗೆ ಬಂತೆಂದು ಲೆಕ್ಕ.

ಆಗ ಊರಿಗೆ ಫೋನು ಮಾಡುವುದೆಂದರೆ ಸಂಬಳವನ್ನು ತಂತಿಗೆ ಕಟ್ಟಿ ಕಳಿಸಿದಂತೆ. ಕಾಗದ ಬರೆಯಲು ಎಲ್ಲರಿಗೂ ಬರುತ್ತಿರಲಿಲ್ಲ. ಆದ್ದರಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೆವು. ಮನೆಯವರು ಕೇಳಿ, ಅದರ ಮೇಲೆಯೇ ತಮ್ಮ ಮಾತು ತುಂಬಿಸಿ, ಇನ್ಯಾರದೋ ಕೈಯಲ್ಲಿ ಹಿಂದೆ ಕಳಿಸುತ್ತಿದ್ದರು. ಗಂಡನ ಮಾತನ್ನು ಹೆಂಡತಿಯ ಮಾತು ಅಳಿಸುತ್ತಿತ್ತು, ಅವಳದನ್ನು ಇವನದು. ಯಾರದೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಉಳಿಸಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಕಾಕ ಟೇಪ್ ರೆಕಾರ್ಡರಿನ ಎದುರು ಪಾಸ್‌ಪೋರ್ಟ್ ಫೋಟೊಕ್ಕೆ ಕೂತ ಹಾಗೆ ಕೂರುತ್ತಿದ್ದರು. ನಾನು ಕ್ಷೇಮ, ನೀವು ಕ್ಷೇಮವೇ, ಹಂಚು ಬದಲಿಸಿದಿರಾ, ಮಗುವಿನ ಕೆಮ್ಮು ಹೇಗಿದೆ. ಅಲ್ಲಿಗೆ ಮುಗಿಯಿತು. ಟೇಪು ಸುಮ್ಮನೆ ಸುತ್ತುತ್ತಿರುವುದನ್ನು ನೋಡಿ ಅವರಿಗೆ ಬೆವರು ಬರುತ್ತಿತ್ತು.

"ಬಾ ಮಾರಾಯ, ಉಳಿದದ್ದು ನೀನು ತುಂಬಿಸು," ಎನ್ನುತ್ತಿದ್ದರು. "ನನ್ನ ಮಾತು ಕೇಳಿದ್ರೆ ಅವಳಿಗೆ ಕೋರ್ಟಿನ ನೋಟೀಸು ಬಂದ ಹಾಗೆ ಆಗ್ತದಂತೆ."

ಹಾಗೆ ಶುರುವಾದದ್ದು ರೂಮಿನ ಪದ್ಧತಿಯೇ ಆಯಿತು. ಯಾರ ಕ್ಯಾಸೆಟ್ಟಾದರೂ ಕೊನೆಯಲ್ಲಿ ನನ್ನದೊಂದು ತಮಾಷೆ ಇರಬೇಕು. ಹೆಚ್ಚು ಬೇಡಿಕೆಯಿದ್ದದ್ದು ಕೋಳಿ ಅಜ್ಜಿಗೆ. ಅಜ್ಜಿಯೊಬ್ಬಳು ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಕೋಳಿಗೆ ಅರ್ಧ ಟಿಕೆಟು ಮಾಡಬೇಕೆಂದು ಕಂಡಕ್ಟರು ಹಟ ಹಿಡಿಯುತ್ತಾನೆ. ಹಾಗಾದರೆ ಕೋಳಿಗೆ ಸೀಟು ಕೊಡು ಎಂದು ಅಜ್ಜಿ. ಕಂಡಕ್ಟರೂ ನಾನೇ, ಅಜ್ಜಿಯೂ ನಾನೇ, ನಡುವೆ ಬಾಯಿ ಹಾಕುವ ಕೋಳಿಯೂ ನಾನೇ.

ಆದರೆ ರೆಕಾರ್ಡಿಂಗಿನಲ್ಲಿ ನಾನು ಕಡು ಶಿಸ್ತಿನವನು. ನಗು ಊರಿನಲ್ಲಿ ಬರಬೇಕು, ರೂಮಿನಲ್ಲಲ್ಲ. ಯಾರಾದರೂ ಕಿಸಕ್ಕೆಂದರೆ ನಿಲ್ಲಿಸಿ, ಅಳಿಸಿ, ಮೊದಲಿನಿಂದ ಮಾಡುತ್ತಿದ್ದೆ. ಕಾಕ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ರೂಮಿನವನೊಬ್ಬ ರಜೆಗೆ ಹೊರಟಿದ್ದ. ಕಾಕ ಕೊನೆ ಗಳಿಗೆಯಲ್ಲಿ ತಮ್ಮ ನೋಟೀಸು ಓದಿ ಮುಗಿಸಿ ನನ್ನನ್ನು ಕೂರಿಸಿದರು. ಅಂದು ಕೋಳಿ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ ಬೈರಾಸು ಕೆಲಸ ಮಾಡಲಿಲ್ಲ. ಕಾಕ ತೊಡೆ ಬಡಿದುಕೊಂಡು ನಗತೊಡಗಿದರು. ನಾನು ಗದರಿದೆ. ಗದರಿದಷ್ಟೂ ನಗು ಜಾಸ್ತಿಯಾಯಿತು. ಅಳಿಸಿ ಮತ್ತೆ ಮಾಡೋಣವೆಂದರೆ ಕೆಳಗೆ ಟ್ಯಾಕ್ಸಿಯವನು "ಯಲ್ಲಾ, ಯಲ್ಲಾ" ಎಂದು ಹಾರ್ನ್ ಒತ್ತುತ್ತಿದ್ದ. ಕಾಕ ಕಣ್ಣೊರೆಸಿಕೊಳ್ಳುತ್ತಲೇ ಕ್ಯಾಸೆಟ್ಟು ತೆಗೆದು ಹೊರಟವನ ಜೇಬಿಗೆ ಹಾಕಿದರು. ಅಂಥ ಒಳ್ಳೆಯ ಕೋಳಿಯನ್ನು ಹಾಳು ಮಾಡಿದರಲ್ಲ ಎಂದು ನಾನು ಸಂಜೆಯ ಚಹಾದವರೆಗೂ ಮುಖ ಊದಿಸಿಕೊಂಡಿದ್ದೆ. ಕೊನೆಗೆ ಅವರೇ ಹೋಟೆಲಿನಿಂದ ಪರೋಟ ತಂದು ನನ್ನನ್ನು ಸಮಾಧಾನ ಮಾಡಿದರು.

ಮುಂದಿನ ವಾರ ಕಾಕ ತೀರಿಕೊಂಡರು. ಅಂಗಡಿಯಲ್ಲಿ, ಯಂತ್ರದ ಮುಂದೆ, ಅಂಗಿಯೊಂದಕ್ಕೆ ಕಾಲರು ಕೂರಿಸುತ್ತಿದ್ದಾಗ ಹಾಗೇ ಮುಂದಕ್ಕೆ ಬಾಗಿದರಂತೆ. ಅವರ ವೀಸಾದ ಒಮಾನಿ ಯಜಮಾನ, ಕಫೀಲ್, ಬಂದು ಸಹಿ ಹಾಕಿದ ಮೇಲೆ ಅವರನ್ನು ಇಲ್ಲಿಯೇ ಮಣ್ಣು ಮಾಡಿದರು. ನಮ್ಮವರ ಜೊತೆ ನಾನೂ ಕಬರಸ್ತಾನದ ಅಂಚಿನಲ್ಲಿ ನಿಂತಿದ್ದೆ. ಊರಿಗೆ ಟೆಲಿಗ್ರಾಂ ಹೋಯಿತು. ಹೆಂಡತಿಗೆ ಮುಖ ನೋಡಲು ಸಿಗಲಿಲ್ಲ.

ಕ್ಯಾಸೆಟ್ಟಿನ ನೆನಪು ನಮಗೆ ಯಾರಿಗೂ ಬರಲಿಲ್ಲ. ಅದನ್ನು ಒಯ್ದವನು ಬೊಂಬಾಯಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದ. ಊರು ತಲುಪಿದಾಗ ಕಾಕನ ಸುದ್ದಿ ಕೇಳಿ, ಇದೊಂದಾದರೂ ಸಿಗಲಿ ಎಂದು ಓಡಿಹೋಗಿ ಮನೆಯವರ ಕೈಗೆ ಕೊಟ್ಟ. ಮಾತಾಡಿಸಲು ಬಂದ ನೆಂಟರಿಂದ ಮನೆ ತುಂಬಿತ್ತು. ಸತ್ತವರ ಕೊನೆಯ ಮಾತೆಂದು ಎಲ್ಲರೂ ಸುತ್ತ ಕೂತು ಕೇಳಿದರು. ಹಂಚಿನ ವಿಚಾರ ಬಂತು, ಮಗುವಿನ ಕೆಮ್ಮು ಬಂತು, ಹೆಂಗಸರು ಅತ್ತರು. ಆಮೇಲೆ ಕೋಳಿ ಕೂಗಿತು. ಕಾಕನ ಅಣ್ಣ ಎದ್ದು ಟೇಪನ್ನು ಬಡಿದು ನಿಲ್ಲಿಸಿ, "ಸತ್ತ ಮನೆಯಲ್ಲಿ ಇದ್ಯಾವ ಕೋಡಂಗಿ?" ಎಂದು ಕೇಳಿದರಂತೆ.

ರಜೆ ಮುಗಿಸಿ ಬಂದವನು ಇದನ್ನು ಹೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಪ್ಪು ಯಾರದೂ ಅಲ್ಲ ಎಂದು ರೂಮಿನವರೆಲ್ಲ ಹೇಳಿದರು. ಅದು ನನಗೂ ಗೊತ್ತಿತ್ತು. ಗೊತ್ತಿದ್ದರೇನು, ಕೂಗಿದ್ದು ನಾನೇ ತಾನೆ? ಅಂದಿನಿಂದ ಕೋಳಿ ಗಂಟಲಲ್ಲೇ ಸತ್ತಿತು. ಯಾರ ಕ್ಯಾಸೆಟ್ಟಿಗೂ ಬಾಯಿ ಕೊಡಲಿಲ್ಲ.

ಆ ವರ್ಷದ ವಾರ್ಷಿಕೋತ್ಸವದ ನಾಟಕದಲ್ಲಿ ಒಬ್ಬ ಮುದುಕನ ಪಾತ್ರವಿತ್ತು. ಕಡಲಿಗೆ ಹೋದ ಮಗ ಹಿಂದೆ ಬರುವುದಿಲ್ಲ, ತಂದೆ ದಡದಲ್ಲಿ ಕಾಯುತ್ತಾನೆ. ಅದನ್ನು ಮಾಡಬೇಕಿದ್ದವರಿಗೆ ದೂರದ ಗಡಿಯೂರು ಬುರೈಮಿಗೆ ವರ್ಗವಾಯಿತು. ನಾನು ಮಾಡುತ್ತೇನೆ ಎಂದೆ. ನಾಟಕ ಆಡಿಸುತ್ತಿದ್ದ ಬ್ಯಾಂಕಿನ ಸಾಹೇಬರು ನನ್ನ ಮುಖ ನೋಡಿ ನಕ್ಕುಬಿಟ್ಟರು.

"ನೀನು ಅತ್ರೆ ಜನ ನಗ್ತಾರೆ ಮಾರಾಯ."

"ನಗ್ಲಿ. ನಾನು ಅಳುದು ಬಿಡುದಿಲ್ಲ," ಎಂದೆ.

ಅವರು ಹೇಳಿದ್ದೇ ಆಯಿತು. ಪರದೆ ಎದ್ದು ನಾನು ಕೋಲೂರಿಕೊಂಡು ಬಂದೊಡನೆ ಶಾಲೆಯ ಸಭಾಂಗಣ ಗೊಳ್ಳೆಂದಿತು. ಮಗುವೊಂದು "ಕೋಳಿ! ಕೋಳಿ!" ಎಂದು ಕಿರುಚಿತು. ಸುಮ್ಮನೆ ಮೂರನೇ ಸಾಲನ್ನು ನೋಡುತ್ತ ನಿಂತೆ. ಕಾಕ ಕೂರುತ್ತಿದ್ದ ಕುರ್ಚಿಯಲ್ಲಿ ಯಾರೋ ಹೆಂಗಸು ಪಾಪ್‌ಕಾರ್ನ್ ತಿನ್ನುತ್ತಿದ್ದಳು. ನೋಡುತ್ತಾ ನೋಡುತ್ತಾ ನನ್ನ ಕಣ್ಣು ತುಂಬಿತು. ನಗು ಹಿಂದಿನ ಸಾಲುಗಳಿಂದ ಒಂದೊಂದಾಗಿ ನಿಂತಿತು. ಆ ಹೆಂಗಸು ತಿನ್ನುವುದನ್ನೂ ಬಿಟ್ಟಳು. ಆಮೇಲೆಯೇ ನಾನು ಬಾಯಿ ತೆರೆದೆ.

ಹೀಗೆ ನಾನು ಅಳಿಸುವವನಾದೆ. ಮುಂದಿನ ವರ್ಷಗಳಲ್ಲಿ ಮಗನನ್ನು ಕಳೆದುಕೊಂಡ ತಂದೆ, ಹೆಂಡತಿಯನ್ನು ಕಳೆದುಕೊಂಡ ಗಂಡ, ಗಲ್ಲಿಗೆ ಹೋಗುವ ನಿರಪರಾಧಿ, ಎಲ್ಲ ನನ್ನ ಪಾಲಿಗೇ. ವಕ್ರ ಮೂಗು ಈಗ ದುಃಖಕ್ಕೆ ಒದಗುತ್ತದೆ ಎಂದು ಜನ ಹೊಗಳಿದರು, ಮೂಗು ಹಳೆಯದೇ. ಬುರೈಮಿಯವರು ಬಸ್ಸು ಮಾಡಿ ಕರೆಸಿಕೊಂಡರು. ನಮ್ಮ ಕಡೆಯ ಹೆಂಗಸರು ಕರವಸ್ತ್ರ ಹಿಡಿದೇ ಬರುತ್ತಿದ್ದರು, ಚೆನ್ನಾಗಿ ಅತ್ತ ಮೇಲೆ ಬಿರಿಯಾನಿ ತಿಂದು ಹೋಗುತ್ತಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು. ನನಗೆ ಅದರಲ್ಲಿ ಸಂತೋಷವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪ್ರತಿ ಸಲ ರಜೆಗೆ ಹೋದಾಗ ನಮ್ಮೂರಿನ ಬಸ್ಸು ಕಾಕನ ಊರಿನ ಮೇಲೆಯೇ ಹೋಗುತ್ತಿತ್ತು. ಕಂಡಕ್ಟರು ಆ ಸ್ಟಾಪಿನ ಹೆಸರು ಕೂಗುವಾಗ ನಾನು ತಲೆ ಬಗ್ಗಿಸಿ ಚಪ್ಪಲಿ ನೋಡುತ್ತಿದ್ದೆ. ಇಳಿದು ಆ ಮನೆಯ ಬಾಗಿಲು ತಟ್ಟುವ ಧೈರ್ಯ ಒಮ್ಮೆಯೂ ಬರಲಿಲ್ಲ. ಯಾರು ಎಂದು ಕೇಳಿದರೆ ಏನು ಹೇಳಲಿ? ನಿಮ್ಮ ಮನೆಯ ಕೋಡಂಗಿ ಎನ್ನಲೇ?

ತೊಂಬತ್ತರ ದಶಕದಲ್ಲಿ ಫೋನಿನ ಕಾರ್ಡುಗಳು ಬಂದವು. ರೂವಿಯ ಬೂತುಗಳ ಮುಂದೆ ಸಾಲು ನಿಂತಿತು, ಕ್ಯಾಸೆಟ್ಟು ಕಳಿಸುವುದನ್ನು ಎಲ್ಲರೂ ಮರೆತರು. ನಾನು ಮಾತ್ರ ಅದೇ ವ್ಯಾನು, ಅದೇ ರಸ್ತೆ.

ಸುವೈಕ್‌ನಲ್ಲಿ ಬ್ಯಾರಿ ಹುಡುಗನೊಬ್ಬನ ಕಿರಾಣಿ ಅಂಗಡಿಯಿತ್ತು. ನಾನು ಅಲ್ಲಿಗೆ ಬ್ರೆಡ್ಡು ಹಾಕುತ್ತ ವರ್ಷಗಳಾಗಿದ್ದವು. ಆ ದಶಕ ಮುಗಿಯುತ್ತ ಬಂದ ಒಂದು ಚಳಿಗಾಲದಲ್ಲಿ ಅವನು ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ನಾನು ಎಂದಿನಂತೆ, "ನಿನ್ನೆಯದು ಉಳಿದದ್ದು ಉಂಟಾ? ಇವತ್ತು ದೊಡ್ಡದು ಜಾಸ್ತಿ ಇಡ್ಲಾ?" ಎಂದು ಕೇಳುತ್ತಿದ್ದೆ.

ಪರದೆಯ ಹಿಂದಿನಿಂದ ಹೆಣ್ಣುದನಿಯೊಂದು ಹೇಳಿತು: "ಅಜ್ಜೀ, ಕೋಳಿಗೆ ಅರ್ಧ ಟಿಕೆಟು ಮಾಡ್ಬೇಕು."

ನನ್ನ ಕೈಯಲ್ಲಿದ್ದ ಬ್ರೆಡ್ಡಿನ ಟ್ರೇ ಕೌಂಟರಿಗೆ ಬಡಿಯಿತು. ಪರದೆ ಸರಿಸಿ ತಲೆಗೆ ಸೆರಗು ಹೊದ್ದ ಹುಡುಗಿಯೊಬ್ಬಳು ಈಚೆ ಬಂದಳು. ಅವಳ ಗಂಡ ಏನೂ ತಿಳಿಯದೆ ಇಬ್ಬರನ್ನೂ ನೋಡಿದ.

"ಅಂಕಲ್, ನೀವು ಮೊದಲು ರೂವಿಯಲ್ಲಿ ಒಬ್ಬರು ದರ್ಜಿಯವರ ಜೊತೆ ಇದ್ದದ್ದಾ?" ಎಂದಳು. "ನಾನು ಅವರ ಮಗಳು. ನಿಮ್ಮನ್ನು ನೋಡಿದ್ದಿಲ್ಲ. ಸ್ವರ ಗೊತ್ತುಂಟು."

ಕೆಮ್ಮುತ್ತಿದ್ದ ಮಗು! ಇಷ್ಟು ವರ್ಷ ಚಪ್ಪಲಿ ನೋಡಿ ತಪ್ಪಿಸಿಕೊಂಡ ಮನೆ ಇಲ್ಲಿಯೇ ಎದುರು ಬಂದು ನಿಂತಿತ್ತು. ಹೊತ್ತಾಯಿತು, ಇನ್ನೊಂದು ಅಂಗಡಿಗೆ ಹೋಗಬೇಕು ಎಂದೇನೋ ತೊದಲಿದೆ. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟೆ.

"ಅವತ್ತು ನಿಮ್ಮ ಮನೆಯಲ್ಲಿ ಹಾಗೆ ಆಯ್ತಲ್ಲ ಮಗಾ... ನನಗೆ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ."

"ಎಂತ ಅಂಕಲ್ ನೀವು," ಎಂದಳು ಅವಳು. "ದೊಡ್ಡಪ್ಪ ಅದನ್ನು ಬಿಸಾಡ್ಲಿಕ್ಕೆ ಹೊರಟಿದ್ರಂತೆ. ಉಮ್ಮ ಅಕ್ಕಿ ಡಬ್ಬದ ಒಳಗೆ ಅಡಗಿಸಿ ಇಟ್ಟದ್ದು. ನಾನು ಬರುವಾಗ ಇನ್ನೊಂದು ಕ್ಯಾಸೆಟ್ಟಿಗೆ ಹಾಕಿಸಿ ಕೊಟ್ಟಿದ್ದಾರೆ. ಕೂತ್ಕೊಳ್ಳಿ, ಚಾ ಮಾಡ್ತೇನೆ."

ಚಹಾಕ್ಕಿಂತ ಮೊದಲು ಟೇಪ್ ರೆಕಾರ್ಡರು ಬಂತು. ನಾನು ಬೇಡ ಎಂದೆ. ಅವಳು ಕೇಳಲಿಲ್ಲ. ಕಾಕನ ಒಣ ದನಿ ಒಂದು ಕ್ಷಣ ಕೇಳಿಸಿತು, ಹಂಚು ಬದಲಿಸಿದಿರಾ. ಅವಳು ಗುಂಡಿ ಒತ್ತಿ ಅದನ್ನು ಮುಂದಕ್ಕೆ ಓಡಿಸಿದಳು.

"ಉಪ್ಪ ಮಾತಾಡಿದ್ದು ಯಾವಾಗಲೂ ಕೇಳುದಿಲ್ಲ. ಅದು ಪೊಲೀಸಿನವರು ಕೇಳಿದ ಹಾಗೆ ಉಂಟು," ಎಂದು ನಕ್ಕಳು. "ಉಮ್ಮ ನಿಮ್ಮದನ್ನೇ ಹಾಕುದು. ದಿನಾ ಅಡುಗೆ ಮಾಡುವಾಗ."

"ನನ್ನ ಕೋಳಿಯನ್ನಾ?"

"ಕೋಳಿ ನಮಗೆ ಬಾಯಿಪಾಠ ಅಂಕಲ್. ಉಪ್ಪ ನಗುದು ಅದರಲ್ಲಿ ಮಾತ್ರ ಅಲ್ವಾ ಇರುದು?"

ನನ್ನ ಎಳೆಯ ದನಿ ಬಸ್ಸಿನೊಳಗೆ ಟಿಕೆಟು ಟಿಕೆಟು ಎಂದು ಕೂಗುತ್ತಿತ್ತು. ಅಜ್ಜಿ ಜಗಳ ತೆಗೆದಳು. ಕೋಳಿ ಬಾಯಿ ಹಾಕಿತು. ಆಗ ಹಿಂದೆ ಎಲ್ಲಿಂದಲೋ ಮೊದಲು ಒಂದು ಕೆಮ್ಮು, ಆಮೇಲೆ ಎಣ್ಣೆ ಕಾಣದ ಹೊಲಿಗೆ ಯಂತ್ರ. ಹುಡುಗಿ ತಲೆಯನ್ನು ಟೇಪಿನ ಹತ್ತಿರ ತಂದಳು. ಎಷ್ಟೋ ಸಭೆಗಳನ್ನು ಅಳಿಸಿದ ನಾನು ಬ್ರೆಡ್ಡಿನ ಟ್ರೇಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

"ಕಾಕ, ನಗ್ಬೇಡಿ ಮಾರಾಯ್ರೆ, ಎಲ್ಲ ಹಾಳಾಗ್ತದೆ," ಎಂದು ಟೇಪಿನಲ್ಲಿ ನಾನು ಗದರುತ್ತಿದ್ದೆ. ಕಾಕ ನಗುತ್ತಲೇ ಇದ್ದರು.